ಫೋನಿನಿಂದ ಸರ್ವರ್‌ಗೆ ಎಸ್‌ಎಸ್‌ಎಚ್: ಆ ಮೊದಲ ‘ಯೆಸ್’ಗೆ ಮುಂಚೆ

ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್‌ಗೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ವಿಧಾನ. ಹೊಸ ಸರ್ವರ್‌ಗೆ ಮೊದಲ ಸಲ ಹೋದಾಗ ಅದು ಸರ್ವರ್‌ನ ಗುರುತು ತೋರಿಸಿ ‘ಮುಂದುವರಿಯಲೇ?’ ಅಂತ ಕೇಳುತ್ತದೆ; ಶೀರ್ಷಿಕೆಯ ‘ಯೆಸ್’ ಆ ಪ್ರಶ್ನೆಗೆ ಕೊಡುವ ಉತ್ತರ. ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷ್‌ನ ಸಣ್ಣಕ್ಷರ; ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ. ಟರ್ಮಿನಲ್ ಪರಿಚಯ ಇದೆ, ಲಿನಕ್ಸ್ ಸರ್ವರ್ ಒಂದು ಆಗಲೇ ಓಡುತ್ತಿದೆ ಅಂತ ಇಟ್ಟುಕೊಂಡು ಮುಂದೆ ಹೋಗೋಣ.

ಆ್ಯಪ್

ಆಂಡ್ರಾಯ್ಡ್ ಆದರೆ ಟರ್ಮಕ್ಸ್ ಎಂಬ ಟರ್ಮಿನಲ್ ಆ್ಯಪ್, ಅದೂ ಎಫ್-ಡ್ರಾಯ್ಡ್ ಎಂಬ ಆ್ಯಪ್ ಸ್ಟೋರ್‌ನಿಂದ. ಒಳಗೆ ‘ಪಿಕೆಜಿ ಇನ್‌ಸ್ಟಾಲ್ ಓಪನ್‌ಎಸ್‌ಎಸ್‌ಎಚ್’ ಅಂದರೆ ಲ್ಯಾಪ್‌ಟಾಪ್‌ನಲ್ಲಿರುವ ಓಪನ್‌ಎಸ್‌ಎಸ್‌ಎಚ್ಚೇ ಫೋನಿಗೂ ಬರುತ್ತದೆ. ಕಲಿಯುವವರಿಗೆ ಇದರಿಂದ ದೊಡ್ಡ ಅನುಕೂಲ: ಮ್ಯಾನುಯಲ್‌ನಲ್ಲಿ ಬರೆದದ್ದೆಲ್ಲ ಹಾಗೇ ನಡೆಯುತ್ತದೆ. ಬಟನ್ ಒತ್ತಿ ಕೆಲಸ ಆಗಬೇಕು ಅನ್ನುವವರಿಗೆ ಕನೆಕ್ಟ್‌ಬಾಟ್, ಟರ್ಮಿಯಸ್ ಇವೆ. ಐಫೋನ್‌ನಲ್ಲಿ ಟರ್ಮಿಯಸ್ ಅಥವಾ ಬ್ಲಿಂಕ್ ಶೆಲ್. ಆ್ಯಪ್ ಯಾವುದೇ ಇರಲಿ, ‘ಕೀಗಳನ್ನು ಸಿಂಕ್ ಮಾಡಲೇ?’ ಅಂತ ಕೇಳಿದರೆ ಬೇಡ ಅನ್ನಿ. ಫೋನಿನ ಪ್ರೈವೇಟ್ ಕೀ (ಕೀ ಜೋಡಿಯಲ್ಲಿ ಗುಟ್ಟಾಗಿ ಉಳಿಯಬೇಕಾದ ಅರ್ಧ) ಫೋನ್ ಬಿಟ್ಟು ಹೊರಗೆ ಹೋಗಬಾರದು.

ಕೀಬೋರ್ಡ್‌ನ ತೊಂದರೆಯನ್ನು ಮೊದಲೇ ಮುಗಿಸಿಕೊಳ್ಳಿ. ಆಟೋಕರೆಕ್ಟ್, ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಆಯ್ಕೆ, ಐಫೋನ್‌ನ ಸ್ಮಾರ್ಟ್ ಪಂಕ್ಚುಯೇಶನ್ ಮೂರನ್ನೂ ಆಫ್ ಮಾಡಿ. ನೋಟ್ಸ್ ಆ್ಯಪ್‌ನಲ್ಲಿ ಬರೆದಿಟ್ಟು ಕಾಪಿ ಮಾಡಿದ ಕಮಾಂಡ್‌ನಲ್ಲಿ ಎರಡು ಹೈಫನ್ ಸೇರಿ ಒಂದು ಉದ್ದ ಗೀಟು ಆಗಿರುತ್ತದೆ. ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಶೆಲ್ ಮಾತ್ರ ಒಪ್ಪುವುದಿಲ್ಲ. ಟರ್ಮಕ್ಸ್‌ನಲ್ಲಿ ವಾಲ್ಯೂಮ್ ಡೌನ್ ಬಟನ್ನೇ ಕಂಟ್ರೋಲ್ ಕೀ. ವಾಲ್ಯೂಮ್ ಅಪ್ ಹಿಡಿದು ‘ಇ’ ಒತ್ತಿದರೆ ಎಸ್ಕೇಪ್, ‘ಟಿ’ ಒತ್ತಿದರೆ ಟ್ಯಾಬ್.

ಎರಡು ಕೀ, ಎರಡು ದಿಕ್ಕು

ಹೆಚ್ಚಿನವರು ಎಡವುವುದು ಇಲ್ಲೇ, ಹಾಗಾಗಿ ಈ ಭಾಗ ಉದ್ದ.

ಎಸ್‌ಎಸ್‌ಎಚ್‌ನಲ್ಲಿ ಗುರುತು ತೋರಿಸುವ ಕೆಲಸ ಎರಡು ಸಲ ನಡೆಯುತ್ತದೆ. ಮೊದಲು ಸರ್ವರ್ ನಿಮಗೆ ತನ್ನ ಗುರುತು ತೋರಿಸುತ್ತದೆ, ಆಮೇಲೆ ನೀವು ಸರ್ವರ್‌ಗೆ. ಸರ್ವರ್ ತೋರಿಸುವುದು ಹೋಸ್ಟ್ ಕೀ. ಅದು ಸರ್ವರ್‌ನಲ್ಲೇ ಹುಟ್ಟಿ ಅಲ್ಲೇ ಇರುತ್ತದೆ. ನೀವು ತೋರಿಸುವುದು ಯೂಸರ್ ಕೀ. ಅದು ನಿಮ್ಮ ಫೋನಿನಲ್ಲಿ ಹುಟ್ಟುತ್ತದೆ. ಎರಡಕ್ಕೂ ಫಿಂಗರ್‌ಪ್ರಿಂಟ್ (ಕೀಯಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ಇದೆ, ಎರಡೂ ‘ಎಸ್‌ಎಚ್‌ಎ256’ ಎಂದೇ ಶುರುವಾಗುತ್ತವೆ, ಕೋಲನ್ ಆದಮೇಲೆ ಎರಡರಲ್ಲೂ 43 ಅಕ್ಷರ. ಗೊಂದಲ ಆಗದೆ ಇನ್ನೇನಾದೀತು? ಮೊದಲ ಸಲ ಕನೆಕ್ಟ್ ಮಾಡಿದಾಗ ಪರದೆ ಮೇಲೆ ಕಾಣುವ ಫಿಂಗರ್‌ಪ್ರಿಂಟ್ ಯಾವತ್ತೂ ಸರ್ವರ್‌ನದು. ಅದನ್ನು ನಿಮ್ಮ ಫೋನಿನ ಕೀ ಜೊತೆ ಹೋಲಿಸಿದರೆ ಎಂದಿಗೂ ತಾಳೆ ಆಗುವುದಿಲ್ಲ.

ಫಿನ್ಲೆಂಡಿನ ಟಾಟು ಯ್ಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಕದ್ದು ಕೇಳಿಸಿಕೊಳ್ಳುವವರ ಕಾಟಕ್ಕೆ. ಗೂಢಲಿಪೀಕರಣ ಅದನ್ನೇನೋ ತಡೆಯುತ್ತದೆ. ಆದರೆ ನೀವು ಗುಟ್ಟಾಗಿ ಮಾತಾಡುತ್ತಿರುವುದು ಯಾರ ಜೊತೆ ಅನ್ನುವುದನ್ನು ಅದು ಹೇಳುವುದಿಲ್ಲ. ಸಾರ್ವಜನಿಕ ವೈ-ಫೈನಲ್ಲಿ ನಡುವೆ ಕೂತವನೊಬ್ಬ ತನ್ನದೇ ಹೋಸ್ಟ್ ಕೀ ತೋರಿಸಿದರೆ, ನೀವು ‘ಯೆಸ್’ ಅಂದರೆ, ಅವನ ಜೊತೆಗೇ ಭದ್ರವಾದ ಸಂಪರ್ಕ ಏರ್ಪಡುತ್ತದೆ. ಪಾಸ್‌ವರ್ಡ್‌ನಿಂದ ಲಾಗಿನ್ ಆಗುವವರಾದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

ಕೀ ಬಳಸಿದರೆ ಅಷ್ಟು ಅನಾಹುತ ಇಲ್ಲ. ಫೋನ್ ಹಾಕುವ ಸಹಿ ಆ ಒಂದು ಸೆಷನ್‌ಗೆ ಮಾತ್ರ ಕಟ್ಟಿಕೊಂಡಿರುತ್ತದೆ. ಅದನ್ನು ಒಯ್ದು ಅಸಲಿ ಸರ್ವರ್‌ಗೆ ತೋರಿಸಿದರೆ ನಡೆಯದು. ಹಾಗಂತ ನೆಮ್ಮದಿಯಾಗಿ ಇರುವಂತಿಲ್ಲ. ಅವನು ನಕಲಿ ಪ್ರಾಂಪ್ಟ್ ಒಂದನ್ನು ತೋರಿಸಿ, ನೀವು ‘ಸುಡೋ’ ಅಂದಾಗ ಪಾಸ್‌ವರ್ಡ್ ಕೇಳಿದರೆ ನೀವು ಬೆರಳು ತಡೆಯದೆ ಕೊಡುತ್ತೀರಿ.

ಹಾಗಾದರೆ ಸರಿಯಾದ ಫಿಂಗರ್‌ಪ್ರಿಂಟ್ ಎಲ್ಲಿಂದ ತರುವುದು? ಈಗ ಕನೆಕ್ಟ್ ಮಾಡುತ್ತಿರುವ ದಾರಿ ಬಿಟ್ಟು ಬೇರೆ ದಾರಿಯಿಂದ. ಕ್ಲೌಡ್ ಸರ್ವರ್ ಆದರೆ ಬ್ರೌಸರ್‌ನಲ್ಲಿ ತೆರೆಯುವ ಕನ್ಸೋಲ್ ಇರುತ್ತದೆ. ಅಲ್ಲಿ ಲಾಗಿನ್ ಆಗಿ ಕೊಡಬೇಕಾದ ಕಮಾಂಡ್:

ಎಸ್‌ಎಸ್‌ಎಚ್-ಕೀಜೆನ್ -ಎಲ್‌ಎಫ್ /ಇಟಿಸಿ/ಎಸ್‌ಎಸ್‌ಎಚ್/ಎಸ್‌ಎಸ್‌ಎಚ್_ಹೋಸ್ಟ್_ಇಡಿ25519_ಕೀ.ಪಬ್

ಈಗಾಗಲೇ ನಂಬಿಕೆಯ ಸಂಪರ್ಕ ಇರುವ ಲ್ಯಾಪ್‌ಟಾಪ್‌ನಿಂದ ಸರ್ವರ್‌ಗೆ ಹೋಗಿ ಇದೇ ಕಮಾಂಡ್ ಕೊಟ್ಟರೂ ಆದೀತು. ಆದರೆ ಫೋನಿನಿಂದಲೇ, ಸರ್ವರ್‌ನ ಹೋಸ್ಟ್ ಕೀ ಕೇಳಿ ತರುವ ‘ಎಸ್‌ಎಸ್‌ಎಚ್-ಕೀಸ್ಕ್ಯಾನ್’ ಓಡಿಸಿ ಬಂದದ್ದರ ಜೊತೆ ಹೋಲಿಸುವುದು ವ್ಯರ್ಥ. ಅದು ಹೋಗುವುದೂ ಅದೇ ನೆಟ್‌ವರ್ಕ್‌ನಲ್ಲಿ. ನಡುವೆ ಯಾರಾದರೂ ಇದ್ದರೆ ಉತ್ತರ ಕೊಡುವವನೂ ಅವನೇ.

ಇನ್ನು ನನಗೆ ತುಂಬ ಇಷ್ಟವಾದ ಅಡ್ಡದಾರಿ. 43 ಅಕ್ಷರಗಳನ್ನು ಸಣ್ಣ ಪರದೆಯಲ್ಲಿ ಕಣ್ಣಿನಿಂದ ಹೋಲಿಸುವ ಅಗತ್ಯವೇ ಇಲ್ಲ. ಪ್ರಶ್ನೆಯನ್ನು ಸರಿಯಾಗಿ ಓದಿ: ಅಲ್ಲಿ ‘ಯೆಸ್’, ‘ನೋ’ ಜೊತೆ ‘ಫಿಂಗರ್‌ಪ್ರಿಂಟ್’ ಎಂಬ ಮೂರನೇ ಉತ್ತರವೂ ಇದೆ. ಓಪನ್‌ಎಸ್‌ಎಸ್‌ಎಚ್ 8.0ರಿಂದ ಬಂದ ಸೌಲಭ್ಯ ಇದು. ಕನ್ಸೋಲ್‌ನಿಂದ ಕಾಪಿ ಮಾಡಿದ ಫಿಂಗರ್‌ಪ್ರಿಂಟ್ ಅನ್ನು, ‘ಎಸ್‌ಎಚ್‌ಎ256’ ಮತ್ತು ಕೋಲನ್ ಸಮೇತ, ಅಲ್ಲೇ ಪೇಸ್ಟ್ ಮಾಡಿ ಎಂಟರ್ ಒತ್ತಿ. ಪೂರ್ತಿ ತಾಳೆ ಆದರೆ ಮಾತ್ರ ಒಳಗೆ ಬಿಡುತ್ತದೆ, ಇಲ್ಲವಾದರೆ ಮತ್ತೆ ಅದೇ ಪ್ರಶ್ನೆ. ಹಿಂದೆ ಮುಂದೆ ಒಂದು ಸ್ಪೇಸ್ ಸೇರಿಕೊಂಡರೆ ಪರವಾಗಿಲ್ಲ. ಒಂದಕ್ಷರ ಚಿಕ್ಕದು ದೊಡ್ಡದು ಆದರೆ ಒಪ್ಪುವುದಿಲ್ಲ. ಮೊದಲ ಮೂರು, ಕೊನೆಯ ಮೂರು ಅಕ್ಷರ ನೋಡಿ ಸಾಕು ಅನ್ನುವ ಅಭ್ಯಾಸ ಬಿಡಿ. ಆರು ಅಕ್ಷರ ಅಂದರೆ ಹೆಚ್ಚೆಂದರೆ 36 ಬಿಟ್. ಅಷ್ಟು ಹೊಂದುವ ಕೀಯನ್ನು ಕಂಪ್ಯೂಟರ್‌ನಿಂದ ಹುಡುಕಿಸುವುದು ಕಷ್ಟದ ಕೆಲಸವಲ್ಲ.

ತಾಳೆ ಆಗಲಿಲ್ಲ ಅಂದಕೂಡಲೆ ಗಾಬರಿಯೂ ಬೇಡ. ಹಗ್ಗವೋ ಹಾವೋ ನೋಡಿಕೊಳ್ಳಿ. ಸರ್ವರ್‌ಗೆ ಸಾಮಾನ್ಯವಾಗಿ ಮೂರು ಹೋಸ್ಟ್ ಕೀ: ಆರ್‌ಎಸ್‌ಎ, ಇಸಿಡಿಎಸ್‌ಎ, ಇಡಿ25519. ಮೂರಕ್ಕೂ ಬೇರೆ ಬೇರೆ ಫಿಂಗರ್‌ಪ್ರಿಂಟ್. ಆ್ಯಪ್ ತೋರಿಸುತ್ತಿರುವುದು ಇಸಿಡಿಎಸ್‌ಎ, ನೀವು ಹೋಲಿಸುತ್ತಿರುವುದು ಇಡಿ25519 ಆಗಿದ್ದರೆ ಹೊಂದುವುದಾದರೂ ಹೇಗೆ? ಮೇಲಿನ ಕಮಾಂಡ್‌ನಲ್ಲಿ ಫೈಲಿನ ಹೆಸರು ಬದಲಿಸಿ ಆ ಜಾತಿಯ ಕೀಯನ್ನೇ ನೋಡಿ. ಹಳೆಯ ಆ್ಯಪ್ ಆಗಿದ್ದು, ಎರಡೆರಡು ಅಕ್ಷರದ 16 ಜೋಡಿಗಳ ನಡುವೆ ಕೋಲನ್ ಕಂಡರೆ ಅದು ಎಂಡಿ5 ರೂಪ. ಆಗ ಕಮಾಂಡ್‌ಗೆ ‘-ಇ ಎಂಡಿ5’ ಸೇರಿಸಿ. ಇಲ್ಲಿ ‘ಇ’ ದೊಡ್ಡಕ್ಷರ.

ಮುಂದೆಂದೋ ‘ಹೋಸ್ಟ್ ಗುರುತು ಬದಲಾಗಿದೆ’ ಅಂತ ದೊಡ್ಡಕ್ಷರಗಳಲ್ಲಿ ಎಚ್ಚರಿಕೆ ಬಂದರೆ ನಿಲ್ಲಿ. ಸರ್ವರ್ ಅನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದರೆ, ಅಥವಾ ಅದೇ ಐಪಿ ಈಗ ಬೇರೆ ಯಂತ್ರಕ್ಕೆ ಹೋಗಿದ್ದರೆ, ಕಾರಣ ಸಿಕ್ಕಿತು: ‘ಎಸ್‌ಎಸ್‌ಎಚ್-ಕೀಜೆನ್ -ಆರ್’ ಬರೆದು (ಆರ್ ದೊಡ್ಡಕ್ಷರ) ಮುಂದೆ ಸರ್ವರ್ ಹೆಸರು ಕೊಟ್ಟರೆ ಹಳೆಯ ದಾಖಲೆ ಹೋಗುತ್ತದೆ, ಹೊಸದನ್ನು ಮತ್ತೆ ಪೇಸ್ಟ್ ಮಾಡಿ ಪರೀಕ್ಷಿಸಿ. ಕಾರಣ ಗೊತ್ತಿಲ್ಲದಿದ್ದರೆ ವೈ-ಫೈ ಬಿಟ್ಟು ಮೊಬೈಲ್ ಡೇಟಾಗೆ ಬದಲಿಸಿ ನೋಡಿ. ಎಚ್ಚರಿಕೆ ಮಾಯವಾದರೆ ಆ ವೈ-ಫೈ ಕಡೆ ಮತ್ತೆ ತಲೆ ಹಾಕಬೇಡಿ.

ಫೋನಿನ ಕೀ

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಎ 100 -ಸಿ ಫೋನ್

ಇಲ್ಲಿ ‘ಸಿ’ ದೊಡ್ಡಕ್ಷರ. ಅದರ ಮುಂದಿನದು ಗುರುತಿನ ಹೆಸರು. ‘-ಎ 100’ ಇದ್ದರೆ ಫೈಲ್ ಕದ್ದವನಿಗೆ ಪಾಸ್‌ಫ್ರೇಸ್ ಊಹಿಸುವುದು ನಿಧಾನವಾಗುತ್ತದೆ. ಪಾಸ್‌ಫ್ರೇಸ್ ಕೇಳಿದಾಗ ಖಾಲಿ ಬಿಡಬೇಡಿ. ಫೋನ್ ಕಳೆದುಹೋಗುವ ವಸ್ತು. ಲ್ಯಾಪ್‌ಟಾಪ್‌ನ ಕೀಯನ್ನೇ ಫೋನಿಗೂ ನಕಲು ಮಾಡುವುದು ಸೋಮಾರಿತನ. ಸಾಧನಕ್ಕೊಂದು ಕೀ ಇರಲಿ, ಯಾಕೆಂಬುದು ಕೊನೆಯಲ್ಲಿ ಗೊತ್ತಾಗುತ್ತದೆ.

ಕೀ ಇರಬೇಕಾದ್ದು ಟರ್ಮಕ್ಸ್‌ನ ಹೋಮ್‌ನಲ್ಲಿರುವ ‘.ಎಸ್‌ಎಸ್‌ಎಚ್’ ಫೋಲ್ಡರ್‌ನಲ್ಲಿ. ಡೌನ್‌ಲೋಡ್ಸ್‌ನಂಥ ಹಂಚಿಕೆಯ ಜಾಗದಲ್ಲಿ ಇಟ್ಟರೆ ಪ್ರೈವೇಟ್ ಕೀಗೆ ರಕ್ಷಣೆ ಇಲ್ಲ ಎಂದು ಓಪನ್‌ಎಸ್‌ಎಸ್‌ಎಚ್ ಅದನ್ನು ತಿರಸ್ಕರಿಸುತ್ತದೆ. ‘ಚ್‌ಮಾಡ್ 600’ ಎಷ್ಟು ಸಲ ಹೊಡೆದರೂ ಅಲ್ಲಿ ಪರ್ಮಿಶನ್ ಬದಲಾಗದು. ಫೈಲನ್ನು ಹೋಮ್‌ಗೆ ತಂದು ಆಮೇಲೆ ಚ್‌ಮಾಡ್ ಮಾಡಿ, ಹಳೆಯ ಪ್ರತಿಯನ್ನು ಅಳಿಸಿ.

ಪಬ್ಲಿಕ್ ಕೀಯನ್ನು ಸರ್ವರ್‌ಗೆ ಮುಟ್ಟಿಸಲು ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಸಾಕು, ಪಾಸ್‌ವರ್ಡ್ ಲಾಗಿನ್ ಇನ್ನೂ ತೆರೆದಿದ್ದರೆ. ಮುಚ್ಚಿದ್ದರೆ ಕನ್ಸೋಲ್‌ನಲ್ಲಿ ‘ಆಥರೈಸ್ಡ್_ಕೀಸ್’ ಫೈಲಿಗೆ ಪೇಸ್ಟ್ ಮಾಡಬೇಕು. ಅದು ಒಂದೇ ಸಾಲು ಆಗಿರಬೇಕು. ಇಡಿ25519 ಆದರೆ ನಡುವಿನ ಭಾಗ ಸರಿಯಾಗಿ 68 ಅಕ್ಷರ, ಶುರುವಿನಲ್ಲಿ ನಾಲ್ಕು ದೊಡ್ಡ ‘ಎ’. ನಡುವೆ ಎಲ್ಲಾದರೂ ಸಾಲು ಮುರಿದಿದ್ದರೆ ಸರ್ವರ್ ಆ ಕೀ ಇಲ್ಲವೇ ಇಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತದೆ.

ಎಲ್ಲ ಸರಿಯಿದ್ದೂ ಒಳಗೆ ಬಿಡದಿದ್ದರೆ ಸರ್ವರ್ ಕಡೆಯ ಪರ್ಮಿಶನ್ ನೋಡಿ: ‘.ಎಸ್‌ಎಸ್‌ಎಚ್’ 700, ‘ಆಥರೈಸ್ಡ್_ಕೀಸ್’ 600. ಹೋಮ್ ಫೋಲ್ಡರ್‌ಗೆ ಗ್ರೂಪ್‌ನವರು ಬರೆಯುವಂತಿದ್ದರೂ ನಿರಾಕರಣೆ. ಇದನ್ನೇ ಎಲ್ಲರೂ ಮರೆಯುವುದು. ಫೋನಿನಲ್ಲಿ ‘ಪರ್ಮಿಶನ್ ಡಿನೈಡ್’ ಅಷ್ಟೇ ಕಾಣುತ್ತದೆ, ನಿಜವಾದ ಕಾರಣ ಸರ್ವರ್‌ನ ಲಾಗ್‌ನಲ್ಲಿರುತ್ತದೆ.

ಪಾಸ್‌ವರ್ಡ್ ಬಾಗಿಲು ಮುಚ್ಚುವುದು

ಕೀ ಕೆಲಸ ಮಾಡಿದ ಮೇಲೆ ಸರ್ವರ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್ ಫೈಲಾದ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್’ನಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ‘ನೋ’, ಕೆಬಿಡಿಇಂಟರಾಕ್ಟಿವ್‌ಆಥೆಂಟಿಕೇಶನ್ ‘ನೋ’. ಮಜಾ ಏನೆಂದರೆ ಈ ಫೈಲಿನಲ್ಲಿ ಮೊದಲು ಸಿಕ್ಕಿದ ಬೆಲೆಗೇ ಮಾನ್ಯತೆ, ಕೊನೆಯದಕ್ಕಲ್ಲ. ಉಬುಂಟುವಿನಲ್ಲಿ ‘ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ’ ಫೋಲ್ಡರ್‌ನ ಫೈಲುಗಳು ಮೊದಲು ಓದಲ್ಪಡುತ್ತವೆ, ಅಲ್ಲಿ ಕ್ಲೌಡ್-ಇನಿಟ್ (ಕ್ಲೌಡ್ ಸರ್ವರ್ ಅನ್ನು ಮೊದಲ ಸಲ ಸಜ್ಜುಗೊಳಿಸುವ ಪ್ರೋಗ್ರಾಂ) ಇಟ್ಟ 50ರಿಂದ ಶುರುವಾಗುವ ಫೈಲೊಂದು ‘ಯೆಸ್’ ಅಂತ ಕೂತಿರಬಹುದು. ಹಾಗಿದ್ದರೆ ನೀವು ಕೆಳಗೆ ಬರೆದ ‘ನೋ’ಗೆ ಕವಡೆ ಕಿಮ್ಮತ್ತಿಲ್ಲ. ನಿಮ್ಮ ಸಾಲುಗಳನ್ನು ಅದೇ ಫೋಲ್ಡರ್‌ನಲ್ಲಿ 10ರಿಂದ ಶುರುವಾಗುವ ಫೈಲಿಗೆ ಹಾಕಿ. ‘ಸುಡೋ ಎಸ್‌ಎಸ್‌ಎಚ್‌ಡಿ -ಟಿ’ ಸಣ್ಣ ಟಿ ಆದರೆ ತಪ್ಪು ಹುಡುಕುತ್ತದೆ, ದೊಡ್ಡ ಟಿ ಆದರೆ ಕೊನೆಗೆ ಜಾರಿಯಲ್ಲಿರುವ ಬೆಲೆಗಳನ್ನು ಪಟ್ಟಿ ಮಾಡುತ್ತದೆ. ಎರಡನ್ನೂ ನೋಡಿಯೇ ರೀಸ್ಟಾರ್ಟ್. ಹಳೆಯ ಸೆಷನ್ ಹಾಗೇ ತೆರೆದಿರಲಿ, ಇನ್ನೊಂದರಿಂದ ಒಳಗೆ ಹೋಗಿ ನೋಡಿ. ಹೊರಗೆ ಬಿದ್ದರೆ ಫೋನಿನಿಂದ ಸರಿಪಡಿಸುವಷ್ಟು ಹಿಂಸೆ ಬೇರೆ ಇಲ್ಲ.

ಪದೇ ಪದೇ ಲಾಗಿನ್ ತಪ್ಪುವ ಐಪಿಯನ್ನು ತಡೆಯುವ ಫೇಲ್‌ಟುಬ್ಯಾನ್ ಹಾಕಿದ್ದರೆ ಒಂದು ಮಾತು. ಮೊಬೈಲ್ ಡೇಟಾದಲ್ಲಿ ಎಷ್ಟೋ ಜನ ಒಂದೇ ಹೊರ ಐಪಿ ಹಂಚಿಕೊಂಡಿರುತ್ತಾರೆ, ಹಾಗಾಗಿ ಯಾರದೋ ತಪ್ಪಿಗೆ ನಿಮಗೂ ತಡೆ ಬೀಳಬಹುದು. ಐಪಿ ಪದೇ ಪದೇ ಬದಲಾಗುವುದರಿಂದ ‘ಈ ವಿಳಾಸದಿಂದ ಮಾತ್ರ’ ಅನ್ನುವ ನಿಯಮವೂ ಫೋನಿಗೆ ಒಗ್ಗದು. ಅದು ಬೇಕೇಬೇಕು ಅಂದರೆ ಮೊದಲು ವೈರ್‌ಗಾರ್ಡ್ ಎಂಬ ವಿಪಿಎನ್, ಅದರೊಳಗೆ ಎಸ್‌ಎಸ್‌ಎಚ್.

ಸಂಪರ್ಕ ಕಡಿಯುವುದು

ಸುಮ್ಮನೆ ಬಿಟ್ಟ ಸಂಪರ್ಕವನ್ನು ಮೊಬೈಲ್ ನೆಟ್‌ವರ್ಕ್ ಸದ್ದಿಲ್ಲದೆ ಮರೆತುಬಿಡುತ್ತದೆ. ಪರದೆ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಫೋನಿನ ‘.ಎಸ್‌ಎಸ್‌ಎಚ್/ಕಾನ್ಫಿಗ್’ನಲ್ಲಿ ಸರ್ವರ್‌ಅಲೈವ್‌ಇಂಟರ್‌ವಲ್ 60 ಇಡಿ. ಮೂರು ಸಲ ಉತ್ತರ ಬರದಿದ್ದರೆ, ಅಂದರೆ ಸುಮಾರು ಮೂರು ನಿಮಿಷಕ್ಕೆ, ತಾನೇ ಬಿಟ್ಟುಬಿಡುತ್ತದೆ. ಹೆಪ್ಪುಗಟ್ಟಿದ್ದನ್ನು ಕೂಡಲೇ ಬಿಡಿಸಲು ಎಂಟರ್, ಟಿಲ್ಡೆ, ಚುಕ್ಕಿ, ಇದೇ ಕ್ರಮದಲ್ಲಿ.

ಸಂಪರ್ಕ ಕಡಿದರೂ ಸರ್ವರ್‌ನಲ್ಲಿ ಸೆಷನ್ ಉಳಿಸುವ ಪ್ರೋಗ್ರಾಂ ಟಿಮಕ್ಸ್. ಒಳಗೆ ಹೋದ ಕೂಡಲೆ ‘ಟಿಮಕ್ಸ್ ನ್ಯೂ -ಎ -ಎಸ್ ಕೆಲಸ’ ಕೊಡಿ. ‘ಎ’ ದೊಡ್ಡಕ್ಷರ, ‘ಕೆಲಸ’ದ ಜಾಗದಲ್ಲಿ ಯಾವ ಹೆಸರಾದರೂ ಸರಿ. ಆ ಹೆಸರಿನ ಸೆಷನ್ ಇಲ್ಲದಿದ್ದರೆ ಹೊಸದು ತೆರೆಯುತ್ತದೆ, ಇದ್ದರೆ ಹಳೆಯದಕ್ಕೆ ಸೇರಿಸುತ್ತದೆ. ಫೋನಿನಿಂದ ಸರ್ವರ್‌ನ ಅಪ್‌ಗ್ರೇಡ್ ಓಡಿಸುವುದಾದರೆ ಟಿಮಕ್ಸ್ ಇಲ್ಲದೆ ಓಡಿಸಲೇಬಾರದು. ಕರೆ ಬಂದು ಸಂಪರ್ಕ ಕಡಿದರೆ ಅಪ್‌ಗ್ರೇಡ್ ಅರ್ಧಕ್ಕೆ ಸಾಯುತ್ತದೆ.

ಓಡಾಡುತ್ತ ಕೆಲಸ ಮಾಡುವವರಿಗೆ ಮೋಶ್ ಎಂಬ ಪ್ರೋಗ್ರಾಂ. ಲಾಗಿನ್ ಎಸ್‌ಎಸ್‌ಎಚ್ ಮೂಲಕವೇ, ಆಮೇಲೆ ಯುಡಿಪಿ. ವೈ-ಫೈನಿಂದ ಡೇಟಾಗೆ ಹಾರಿದರೂ ಸೆಷನ್ ಉಳಿಯುತ್ತದೆ. ಸರ್ವರ್‌ನಲ್ಲೂ ಮೋಶ್ ಬೇಕು, ಯುಟಿಎಫ್-8 ಲೊಕೇಲ್ ಬೇಕು, ಫೈರ್‌ವಾಲ್‌ನಲ್ಲಿ 60000ರಿಂದ 61000ರ ಒಳಗೆ ಕೆಲವು ಯುಡಿಪಿ ಪೋರ್ಟ್ ತೆರೆದಿರಬೇಕು. ಒಬ್ಬರಿಗೆ ಹತ್ತು ಧಾರಾಳ. ಲಾಗಿನ್ ಆಗಿ ಖಾಲಿ ಪರದೆಯಲ್ಲೇ ನಿಂತರೆ ಪೋರ್ಟ್ ಮುಚ್ಚಿದೆ ಎಂದೇ ಲೆಕ್ಕ. ಮೇಲಕ್ಕೆ ಸ್ಕ್ರೋಲ್ ಮಾಡಲು ಅದರಲ್ಲಿ ಆಗುವುದಿಲ್ಲ, ಅದಕ್ಕೂ ಟಿಮಕ್ಸೇ ಗತಿ.

ಫೋನ್ ಕಳೆದರೆ

ಬೇರೆ ಸಾಧನದಿಂದ ಒಳಗೆ ಹೋಗಿ ‘ಆಥರೈಸ್ಡ್_ಕೀಸ್’ನಲ್ಲಿ ‘ಫೋನ್’ ಎಂದು ಮುಗಿಯುವ ಸಾಲನ್ನು ಅಳಿಸಿ. ಸಾಧನಕ್ಕೊಂದು ಕೀ ಇಟ್ಟಿದ್ದರೆ ಇಷ್ಟೇ. ಒಂದೇ ಕೀ ಎಲ್ಲೆಡೆ ಹಂಚಿದ್ದರೆ ಎಲ್ಲ ಸಾಧನಗಳಲ್ಲೂ ಹೊಸದು ಮಾಡುತ್ತ ಕೂರಬೇಕು. ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಆದರೆ ಕೀಯನ್ನು ನೋಡುವುದು ಬಾಗಿಲಲ್ಲಿ ಮಾತ್ರ. ಆಗಲೇ ಒಳಗಿರುವ ಸೆಷನ್ ಸಾಲು ಅಳಿಸಿದರೂ ಹಾಗೇ ಓಡುತ್ತಿರುತ್ತದೆ. ‘ಹೂ’ ಕಮಾಂಡ್‌ನಿಂದ ಯಾರು ಯಾವ ಐಪಿಯಿಂದ ಒಳಗಿದ್ದಾರೆ ನೋಡಿ, ಫೋನಿನ ಸೆಷನ್‌ನ ಎಸ್‌ಎಸ್‌ಎಚ್‌ಡಿ ಪ್ರೊಸೆಸ್ ಅನ್ನು ‘ಕಿಲ್’ ಮಾಡಿ. ಮೋಶ್ ಬಳಸಿದ್ದರೆ ಎಸ್‌ಎಸ್‌ಎಚ್‌ಡಿ ಕೊಂದದ್ದು ಸಾಲದು, ಅದು ‘ಮೋಶ್-ಸರ್ವರ್’ ಹೆಸರಿನಲ್ಲಿ ಬೇರೆಯೇ ಓಡುತ್ತಿರುತ್ತದೆ. ಅದನ್ನೂ ಹುಡುಕಿ ನಿಲ್ಲಿಸಿ.