ಆರ್ಕಿಟೆಕ್ಚರ್ ಎಲ್ಲಿ ಮುಗಿಯುತ್ತದೆ, ಆರ್ಗನೈಸೇಶನ್ ಎಲ್ಲಿ ಶುರುವಾಗುತ್ತದೆ?

ಕಂಪ್ಯೂಟರ್ ಸೈನ್ಸ್ ಓದುವವರಿಗೆ ಒಂದಲ್ಲ ಒಂದು ಸೆಮಿಸ್ಟರ್‌ನಲ್ಲಿ ಈ ಪೇಪರ್ ಎದುರಾಗುತ್ತದೆ: ಕಂಪ್ಯೂಟರ್ ಆರ್ಗನೈಸೇಶನ್ ಮತ್ತು ಆರ್ಕಿಟೆಕ್ಚರ್. ಹುಡುಗರ ಬಾಯಲ್ಲಿ ಸಿಒಎ. ಇವೆರಡಕ್ಕೂ ಏನು ವ್ಯತ್ಯಾಸ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಹಾಳೆಯ ಮಧ್ಯೆ ಗೆರೆ ಎಳೆದು, ಎಡಕ್ಕೆ ನಾಲ್ಕು ಬಲಕ್ಕೆ ನಾಲ್ಕು ಪಾಯಿಂಟ್ ಬರೆದರೆ ಮಾರ್ಕ್ಸ್ ಸಿಗುತ್ತದೆ. ಆದರೆ ವೈವಾದಲ್ಲಿ ‘ಕ್ಯಾಶ್ ಮೆಮೊರಿ ಇದರಲ್ಲಿ ಯಾವ ಕಡೆಗೆ ಸೇರುತ್ತೆ?’ ಅಂತ ಕೇಳಿದರೆ ಆ ಎಂಟು ಪಾಯಿಂಟ್‌ಗಳಿಂದ ಉಪಯೋಗ ಅಷ್ಟಕ್ಕಷ್ಟೇ.

ಪಟ್ಟಿ ಬಿಡಿ. ಒಂದೇ ಪ್ರಶ್ನೆ ನೆನಪಿಟ್ಟುಕೊಳ್ಳಿ. ಚಿಪ್‌ನಲ್ಲಿ ಈ ಒಂದು ವಿಷಯ ಬದಲಾಯಿಸಿದರೆ, ಈಗಾಗಲೇ ಇರುವ ಮಷೀನ್ ಕೋಡ್ (ಚಿಪ್ ನೇರವಾಗಿ ಓದುವ ಪ್ರೋಗ್ರಾಂ) ಕೆಟ್ಟುಹೋಗುತ್ತದಾ? ಅಂದರೆ ಉತ್ತರ ಬೇರೆ ಬರುತ್ತದಾ, ಅಥವಾ ಪ್ರೋಗ್ರಾಂ ಓಡುವುದೇ ಇಲ್ಲವಾ? ಹೌದು ಅಂತಾದರೆ ಅದು ಆರ್ಕಿಟೆಕ್ಚರ್. ಉತ್ತರ ಅದೇ, ಬರುವ ಹೊತ್ತು ಮಾತ್ರ ಹೆಚ್ಚು ಕಡಿಮೆ ಅಂದರೆ ಅದು ಆರ್ಗನೈಸೇಶನ್. ಪ್ರೋಗ್ರಾಮರ್ ಕೈಗೆ ಸಿಗುವ ರಿಜಿಸ್ಟರ್‌ಗಳು (ಚಿಪ್ ಒಳಗೆ ಸಂಖ್ಯೆ ಇಟ್ಟುಕೊಳ್ಳುವ ಪುಟ್ಟ ಜಾಗಗಳು), ಇನ್‌ಸ್ಟ್ರಕ್ಷನ್‌ಗಳು, ಅಡ್ರೆಸ್ ಎಷ್ಟು ಬಿಟ್ ಅನ್ನುವುದು ಮೊದಲನೆಯದಕ್ಕೆ ಸೇರುತ್ತವೆ. ಕ್ಯಾಶ್ (ಪ್ರೊಸೆಸರ್ ಹತ್ತಿರದ ಸಣ್ಣ, ವೇಗದ ಮೆಮೊರಿ) ಎಷ್ಟು ದೊಡ್ಡದು, ಪೈಪ್‌ಲೈನ್ (ಇನ್‌ಸ್ಟ್ರಕ್ಷನ್‌ಗಳನ್ನು ಒಂದರ ಬೆನ್ನಿಗೆ ಒಂದರಂತೆ ಹಂತ ಹಂತವಾಗಿ ಸಾಗಿಸುವ ಸಾಲು) ಹೇಗಿದೆ, ಬಸ್ (ಡೇಟಾ ಓಡಾಡುವ ತಂತಿಗಳು) ಎಷ್ಟು ಅಗಲ ಅನ್ನುವುದು ಎರಡನೆಯದಕ್ಕೆ.

ಇದು ಸುಮ್ನೆ ಪರೀಕ್ಷೆಗಾಗಿ ಹುಟ್ಟಿದ ವಿಂಗಡಣೆ ಅಲ್ಲ. ದುಡ್ಡಿನ ತಾಪತ್ರಯದಿಂದ ಹುಟ್ಟಿದ್ದು. 1960ರ ಸುಮಾರಿಗೆ ಐಬಿಎಂ ಒಂದೇ ಕಂಪನಿ ಹಲವು ಬಗೆಯ ಮಷೀನ್ ಮಾರುತ್ತಿತ್ತು. ವ್ಯಾಪಾರದ ಲೆಕ್ಕಕ್ಕೆ 1401, ವಿಜ್ಞಾನದ ಲೆಕ್ಕಕ್ಕೆ 7090. ಒಂದರ ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಗಿರಾಕಿ ದೊಡ್ಡ ಮಷೀನ್‌ಗೆ ಹೋಗಬೇಕೆಂದರೆ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಬರೆಯಬೇಕು. 1964ರ ಏಪ್ರಿಲ್ 7ರಂದು ಐಬಿಎಂ ಸಿಸ್ಟಂ 360 ಅನ್ನುವ ಇಡೀ ಕುಟುಂಬವನ್ನೇ ಪ್ರಕಟಿಸಿತು. ಸಣ್ಣದರಿಂದ ದೊಡ್ಡದರವರೆಗೆ ಹಲವು ಮಾಡೆಲ್, ಎಲ್ಲಕ್ಕೂ ಒಂದೇ ಇನ್‌ಸ್ಟ್ರಕ್ಷನ್ ಸೆಟ್. ಅದೇ ವರ್ಷ ಜೀನ್ ಆಮ್ಡಾಲ್, ಗೆರಿಟ್ ಬ್ಲಾವ್, ಫ್ರೆಡ್ ಬ್ರೂಕ್ಸ್ ಬರೆದ ಲೇಖನದಲ್ಲಿ ಆರ್ಕಿಟೆಕ್ಚರ್ ಅಂದರೆ ಪ್ರೋಗ್ರಾಮರ್‌ಗೆ ಕಾಣುವ ಮಷೀನ್ ಅಂತ ಖಚಿತವಾಗಿ ಹೇಳಿದರು. ಒಳಗಿನ ಜೋಡಣೆ ಬೇರೆ ವಿಷಯ ಅಂತಲೂ ಹೇಳಿದರು.

ಆ ದಿನ ಪ್ರಕಟಿಸಿದ ಎಲ್ಲ ಮಾಡೆಲ್‌ಗಳಲ್ಲೂ ಪ್ರೋಗ್ರಾಮರ್‌ಗೆ 32 ಬಿಟ್‌ನ 16 ಜನರಲ್ ರಿಜಿಸ್ಟರ್ ಕಾಣುತ್ತವೆ. ಆದರೆ ಅಗ್ಗದ ಮಾಡೆಲ್ 30ರ ಒಳಗೆ ಡೇಟಾ ಓಡಾಡುವ ದಾರಿ ಬರೀ 8 ಬಿಟ್. ಎರಡು 32 ಬಿಟ್ ಸಂಖ್ಯೆ ಕೂಡಿಸು ಅಂದರೆ ಅದು ಒಂದೊಂದೇ ಬೈಟ್ ಕೂಡಿಸಿ, ಕ್ಯಾರಿಯನ್ನು (ಶಾಲೆಯಲ್ಲಿ ದಶಕ ಅನ್ನುತ್ತಿದ್ದೆವಲ್ಲ, ಅದೇ) ಮುಂದಕ್ಕೆ ಒಯ್ದು, ನಾಲ್ಕು ಸುತ್ತಿನಲ್ಲಿ ಮುಗಿಸುತ್ತಿತ್ತು. ಮಾಡೆಲ್ 50ರ ದಾರಿ 32 ಬಿಟ್, ಹಾಗಾಗಿ ಒಂದೇ ಸಲಕ್ಕೆ. ಪ್ರೋಗ್ರಾಂಗೆ ಇದರ ಸುಳಿವೇ ಇಲ್ಲ.

ಮನೆಯ ನಕ್ಷೆ ಆರ್ಕಿಟೆಕ್ಚರ್, ಮೇಸ್ತ್ರಿ ಕೆಲಸ ಆರ್ಗನೈಸೇಶನ್ ಅಂತ ಕ್ಲಾಸಿನಲ್ಲಿ ಹೋಲಿಸುವುದುಂಟು. ನನಗೆ ಅದು ಅಷ್ಟು ಸರಿ ಅನ್ನಿಸುವುದಿಲ್ಲ. ನಕ್ಷೆ ನೋಡಿ ಕಟ್ಟಿದ ಮನೆ ನಕ್ಷೆಯಂತೆಯೇ ಇರುತ್ತದೆ. ಇಲ್ಲಿ 32 ಬಿಟ್ ಅಂತ ಹೇಳಿ ಒಳಗೆ 8 ಬಿಟ್ ಇಟ್ಟರೂ ಯಾರೂ ತಕರಾರು ಮಾಡುವಂತಿಲ್ಲ.

ಲ್ಯಾಬ್‌ಗೆ ಹತ್ತಿರದ ಉದಾಹರಣೆ ಬೇಕೆಂದರೆ 8086 ಮತ್ತು 8088 ನೋಡಿ. ಇಂಟೆಲ್ 8086 ಬಂದದ್ದು 1978ರಲ್ಲಿ, 8088 ಮರುವರ್ಷ. ಎರಡಕ್ಕೂ ಅವೇ ರಿಜಿಸ್ಟರ್, ಅವೇ ಇನ್‌ಸ್ಟ್ರಕ್ಷನ್, ಅದೇ 20 ಬಿಟ್ ಅಡ್ರೆಸ್. ಹೊರಗಿನ ಡೇಟಾ ಬಸ್ ಮಾತ್ರ ಮೊದಲನೆಯದಕ್ಕೆ 16 ಬಿಟ್, ಎರಡನೆಯದಕ್ಕೆ 8. ಈಗ ‘ಬಿಎಕ್ಸ್ ತೋರಿಸುವ ಜಾಗದಿಂದ ಒಂದು ವರ್ಡ್ ತಂದು ಎಎಕ್ಸ್‌ಗೆ ಹಾಕು’ ಅನ್ನುವ ಮೂವ್ ಇನ್‌ಸ್ಟ್ರಕ್ಷನ್ ತೆಗೆದುಕೊಳ್ಳಿ (ಬಿಎಕ್ಸ್, ಎಎಕ್ಸ್ ಎರಡೂ 16 ಬಿಟ್ ರಿಜಿಸ್ಟರ್‌ಗಳು, ವರ್ಡ್ ಅಂದರೆ ಎರಡು ಬೈಟ್). ಆ ಅಡ್ರೆಸ್‌ನಲ್ಲಿ ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) 34, ಅದರ ಮುಂದಿನದರಲ್ಲಿ ಹೆಕ್ಸ್ 12 ಇದೆ ಅಂದುಕೊಳ್ಳಿ. ಅಡ್ರೆಸ್ ಸಮಸಂಖ್ಯೆಯಾಗಿದ್ದರೆ 8086 ಒಂದೇ ಬಸ್ ಸೈಕಲ್‌ನಲ್ಲಿ, ಅಂದರೆ 4 ಕ್ಲಾಕ್‌ನಲ್ಲಿ (ಚಿಪ್‌ನ ಗಡಿಯಾರದ 4 ಮಿಡಿತ), ಎರಡೂ ಬೈಟ್ ತರುತ್ತದೆ. 8088 ಮೊದಲು 34 ತಂದು, ಮತ್ತೆ ಹೋಗಿ 12 ತರಬೇಕು. ಮೊದಲ ಅಡ್ರೆಸ್‌ನ ಬೈಟ್ ಕೆಳಗಿನ ಅರ್ಧಕ್ಕೆ ಹೋಗಬೇಕು ಅನ್ನುವುದು ನಿಯಮ, ಹಾಗಾಗಿ ಕೊನೆಗೆ ಎರಡರಲ್ಲೂ ಎಎಕ್ಸ್‌ನಲ್ಲಿ 1234. ಎಷ್ಟು ಸಲ ಹೋಗಿಬಂತು ಅನ್ನುವುದು ಆರ್ಗನೈಸೇಶನ್. ಉತ್ತರ 1234 ಆಗಬೇಕೇ ಹೊರತು 3412 ಆಗಬಾರದು ಅನ್ನುವುದು ಆರ್ಕಿಟೆಕ್ಚರ್. 8 ಬಿಟ್ ಬಸ್‌ಗೆ ಜೋಡಿಸುವ ಇತರ ಚಿಪ್‌ಗಳು ಅಗ್ಗವಾಗಿದ್ದವು. 1981ರಲ್ಲಿ ಬಂದ ಐಬಿಎಂ ಪಿಸಿ ಒಳಗಿದ್ದದ್ದು 8088.

ಗುಣಾಕಾರದ ಕಥೆಯೂ ಹೀಗೆಯೇ. 16 ಬಿಟ್ ರಿಜಿಸ್ಟರ್ ಗುಣಿಸಲು 8086ಗೆ 118ರಿಂದ 133 ಕ್ಲಾಕ್ ಬೇಕು. ಅದೇ ಇನ್‌ಸ್ಟ್ರಕ್ಷನ್ ಅದರ ನಂತರ ಬಂದ 80286ರಲ್ಲಿ 21 ಕ್ಲಾಕ್‌ಗೆ ಮುಗಿಯುತ್ತದೆ. ಒಳಗಿನ ಕೆಲಸ ಬದಲಾಯಿತು, ಕೊಟ್ಟ ಮಾತು ಬದಲಾಗಲಿಲ್ಲ. ಹಾಗಾದರೆ ಗುಣಾಕಾರವೇ ಇಲ್ಲದ ಆರ್ಕಿಟೆಕ್ಚರ್ ಇರಬಹುದಾ? ಇದೆ. 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ರಿಸ್ಕ್-ಫೈವ್ ಅನ್ನುವ ಆರ್ಕಿಟೆಕ್ಚರ್‌ನ ಮೂಲ ಇನ್‌ಸ್ಟ್ರಕ್ಷನ್ ಸೆಟ್‌ನಲ್ಲಿ ಗುಣಾಕಾರ ಇಲ್ಲ. ಬೇಕಾದವರು ಪ್ರತ್ಯೇಕ ಭಾಗವಾಗಿ ಸೇರಿಸಿಕೊಳ್ಳಬಹುದು. ಸೇರಿಸದ ಚಿಪ್‌ಗೆ ಕಂಪೈಲರ್ ಶಿಫ್ಟ್ ಮತ್ತು ಕೂಡುವಿಕೆಯಲ್ಲೇ ಕೆಲಸ ಸಾಗಿಸುತ್ತದೆ. ನಮ್ಮ ಐಐಟಿ ಮದ್ರಾಸ್‌ನ ಶಕ್ತಿ ಪ್ರೊಸೆಸರ್‌ಗಳು ರಿಸ್ಕ್-ಫೈವ್ ಮೇಲೆ ಕಟ್ಟಿದವು. ಅದರಲ್ಲಿ ಇ-ಕ್ಲಾಸ್ ಅನ್ನುವುದು 3 ಹಂತದ ಸಣ್ಣ ಪೈಪ್‌ಲೈನ್‌ನ ಚಿಪ್. ದೊಡ್ಡವಕ್ಕೆ ಪೈಪ್‌ಲೈನ್ ಬೇರೆ.

ಇಷ್ಟು ಹೊತ್ತು ಇವೆರಡರ ನಡುವಿನ ಗೋಡೆ ಗಟ್ಟಿ ಇದೆ ಅನ್ನುವಂತೆ ಬರೆದೆ. ಅದು ಸೋರುವುದೂ ಉಂಟು, ಪುಸ್ತಕಗಳು ಇದನ್ನು ಜಾಸ್ತಿ ಹೇಳುವುದಿಲ್ಲ.

1980ರ ದಶಕದ ಮಿಪ್ಸ್ ಪ್ರೊಸೆಸರ್ ನೋಡಿ. ಅದರ 5 ಹಂತದ ಪೈಪ್‌ಲೈನ್‌ನಲ್ಲಿ, ಬ್ರಾಂಚ್ (ಪ್ರೋಗ್ರಾಂನ ಬೇರೆ ಜಾಗಕ್ಕೆ ಜಿಗಿಸುವ ಇನ್‌ಸ್ಟ್ರಕ್ಷನ್) ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವಷ್ಟರಲ್ಲಿ ಮುಂದಿನ ಇನ್‌ಸ್ಟ್ರಕ್ಷನ್ ಆಗಲೇ ಒಳಗೆ ಬಂದುಬಿಟ್ಟಿರುತ್ತಿತ್ತು. ಅದನ್ನು ಹೊರಗೆ ಹಾಕುವ ಬದಲು, ಬ್ರಾಂಚ್ ಆದರೂ ಆಗದಿದ್ದರೂ ಅದರ ಬೆನ್ನಿಗೇ ಬರುವ ಇನ್‌ಸ್ಟ್ರಕ್ಷನ್ ನಡೆದೇ ನಡೆಯುತ್ತದೆ ಅಂತ ನಿಯಮವನ್ನೇ ಮಾಡಿಬಿಟ್ಟರು. ಇದಕ್ಕೆ ಡಿಲೇ ಸ್ಲಾಟ್ ಅಂತ ಹೆಸರು. ಪೈಪ್‌ಲೈನ್‌ನ ತೊಡಕು ಆರ್ಕಿಟೆಕ್ಚರ್‌ಗೆ ಹತ್ತಿಬಿಟ್ಟಿತು. ಮುಂದೆ ಬೇರೆ ತರಹದ ಪೈಪ್‌ಲೈನ್ ಬಂದಾಗ ಅದರ ಅಗತ್ಯವೇ ಇರಲಿಲ್ಲ. ಆದರೂ ಹಳೆಯ ಕೋಡ್ ಓಡಬೇಕಲ್ಲ, ಹೊತ್ತುಕೊಂಡೇ ಹೋಗಬೇಕಾಯಿತು.

2018ರ ಜನವರಿಯಲ್ಲಿ ಬಯಲಿಗೆ ಬಂದ ಮೆಲ್ಟ್‌ಡೌನ್ ಅನ್ನುವ ಭದ್ರತಾ ಲೋಪ ಇನ್ನೊಂದು ತರಹ. ಈಗಿನ ಪ್ರೊಸೆಸರ್ ಕಾಯುತ್ತಾ ಕೂರುವುದಿಲ್ಲ. ಅನುಮತಿ ಇದೆಯೋ ಇಲ್ಲವೋ ಪಕ್ಕಾ ಆಗುವ ಮೊದಲೇ ಕೆಲಸ ಮುಂದುವರಿಸುತ್ತದೆ. ಅನುಮತಿ ಇಲ್ಲ ಅಂತ ತಿಳಿದರೆ ಫಲಿತಾಂಶ ಎಸೆಯುತ್ತದೆ, ರಿಜಿಸ್ಟರ್‌ಗಳು ಮೊದಲಿದ್ದಂತೆಯೇ ಇರುತ್ತವೆ. ಆರ್ಕಿಟೆಕ್ಚರ್ ಪ್ರಕಾರ ಏನೂ ನಡೆದಿಲ್ಲ. ಆದರೆ ಆ ಗಡಿಬಿಡಿಯಲ್ಲಿ ಕ್ಯಾಶ್‌ಗೆ ಬಂದ ಸಾಲು ಅಲ್ಲೇ ಉಳಿದಿರುತ್ತದೆ. ಗುಟ್ಟಿನ ಬೈಟ್‌ಗೆ ತಕ್ಕ ಸಾಲೇ ಕ್ಯಾಶ್‌ಗೆ ಬರುವಂತೆ ದಾಳಿಕೋರರು ಮಾಡಿ, ಯಾವ ಜಾಗ ಬೇಗ ಓದಲು ಸಿಗುತ್ತದೆ ಅಂತ ಹೊತ್ತು ಅಳೆದು, ಕರ್ನಲ್ (ಆಪರೇಟಿಂಗ್ ಸಿಸ್ಟಂನ ಒಳತಿರುಳು) ಮೆಮೊರಿಯಲ್ಲಿದ್ದ ಗುಟ್ಟನ್ನು ಒಂದೊಂದೇ ಬೈಟ್ ಹೊರತೆಗೆಯಬಹುದಿತ್ತು. ‘ಹೊತ್ತು ಮಾತ್ರ ಹೆಚ್ಚು ಕಡಿಮೆ’ ಅಂತ ಮೇಲೆ ಹೇಳಿದೆನಲ್ಲ, ಆ ಹೊತ್ತಿನಿಂದಲೇ ಗುಟ್ಟು ರಟ್ಟಾಯಿತು. ಕರ್ನಲ್‌ನ ಪೇಜ್ ಟೇಬಲ್ (ಮೆಮೊರಿಯಲ್ಲಿ ಯಾವುದು ಎಲ್ಲಿದೆ ಅನ್ನುವ ಪಟ್ಟಿ) ಬೇರೆ ಮಾಡಿ ಆಪರೇಟಿಂಗ್ ಸಿಸ್ಟಂನವರು ತೇಪೆ ಹಾಕಬೇಕಾಯಿತು. ಇಂಟೆಲ್‌ನ ಚಿಪ್‌ಗಳಿಗೆ ತಟ್ಟಿದ ಇದೇ ಮೆಲ್ಟ್‌ಡೌನ್ ಎಎಂಡಿಯ ಚಿಪ್‌ಗಳಿಗೆ ತಟ್ಟಲಿಲ್ಲ. ಎರಡೂ ಓಡಿಸುವುದು ಅದೇ ಎಕ್ಸ್86 (8086ರ ವಂಶದ) ಕೋಡ್. ಅನುಮತಿ ಇಲ್ಲದ ಡೇಟಾವನ್ನು ಎಎಂಡಿಯ ಒಳಜೋಡಣೆ ಮುಂದಿನ ಇನ್‌ಸ್ಟ್ರಕ್ಷನ್‌ಗೆ ದಾಟಿಸುತ್ತಲೇ ಇರಲಿಲ್ಲ.