ಕಾಯುತ್ತಿರುವುದು ಯಾರು? ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚಿನ ಒಂದು ಪರೀಕ್ಷೆ

ದಸರಾ ರಜೆಗೆ ಧಾರವಾಡಕ್ಕೆ ಹೋಗಿದ್ದಾಗ ಅಣ್ಣನ ಮಗ ನನ್ನನ್ನು ತನ್ನ ಕೋಣೆಗೆ ಕರೆದೊಯ್ದು ಕಂಪ್ಯೂಟರ್ ಮುಂದೆ ಕೂರಿಸಿದ. 2017ರಲ್ಲಿ ಜೋಡಿಸಿದ ಯಂತ್ರ ಅದು. ಇಂಟೆಲ್ ಐ5-7400 ಪ್ರೊಸೆಸರ್, 8 ಜಿಬಿ ರ‍್ಯಾಮ್‌ನ ಒಂದೇ ಒಂದು ಸ್ಟಿಕ್, 6 ಜಿಬಿಯ ಜಿಟಿಎಕ್ಸ್ 1060 ಗ್ರಾಫಿಕ್ಸ್ ಕಾರ್ಡ್. “ಚಿಕ್ಕಪ್ಪ, ಕೌಂಟರ್ ಸ್ಟ್ರೈಕ್ 2 ಆಡುವಾಗ ಎದುರಾಳಿಗಳು ಒಟ್ಟಿಗೆ ನುಗ್ಗಿದರೆ ಸಾಕು, ಆಟ ತಡವರಿಸುತ್ತದೆ. ಆರ್‌ಟಿಎಕ್ಸ್ 4060 ಹಾಕಿಸಬೇಕು, ದುಡ್ಡು ಕೂಡಿಟ್ಟಿದ್ದೇನೆ” ಎಂದ. ಕಾರ್ಡ್ ಹಳೆಯದು, ಆಟ ತಡವರಿಸುತ್ತಿದೆ, ಹಾಗಾಗಿ ಕಾರ್ಡೇ ಕಾರಣ ಎಂಬುದು ಅವನ ತರ್ಕ. ಕಾಗೆ ಕೂತದ್ದನ್ನೂ ಕೊಂಬೆ ಮುರಿದದ್ದನ್ನೂ ಜೋಡಿಸುವ ಈ ತರ್ಕವನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅದನ್ನು ನಂಬಿ ಓದುವ ಹುಡುಗರು ಸಾವಿರಾರು ರೂಪಾಯಿ ಸುರಿಯುವುದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಪರೀಕ್ಷೆ ಮಾಡಿ ನೋಡಲು ಹತ್ತು ನಿಮಿಷವೂ ಬೇಡ, ಒಂದು ಪೈಸೆಯ ಖರ್ಚೂ ಇಲ್ಲ.

ಆ ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತಿಗೆ ಜೋಳದ ರೊಟ್ಟಿ ಬಡಿಯುತ್ತಿದ್ದರು, ಅವ್ವ ಬೇಯಿಸುತ್ತಿದ್ದರು. ಅತ್ತಿಗೆ ಬಡಿದು ಮುಗಿಸಿದ್ದನ್ನು ಅವ್ವ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿ, ಮಗುಚಿ, ಉಬ್ಬಿಸಿ ಇಳಿಸುತ್ತಾರೆ. ಅಷ್ಟರಲ್ಲಿ ಅತ್ತಿಗೆ ಮುಂದಿನದನ್ನು ಬಡಿಯಲು ಶುರು ಮಾಡಿರುತ್ತಾರೆ. ಬಡಿಯಲು ಒಂದು ನಿಮಿಷ, ಬೇಯಿಸಲು ನಲವತ್ತು ಸೆಕೆಂಡ್ ಎಂದಿಟ್ಟುಕೊಳ್ಳಿ. ಗಂಟೆಗೆ ಎಷ್ಟು ರೊಟ್ಟಿ? ಅರವತ್ತು. ಪ್ರತಿ ರೊಟ್ಟಿಗೂ ಹಂಚು ಇಪ್ಪತ್ತು ಸೆಕೆಂಡ್ ಖಾಲಿ ಕಾಯುತ್ತಿರುತ್ತದೆ. ಈಗ ಇಪ್ಪತ್ತೇ ಸೆಕೆಂಡಿನಲ್ಲಿ ಬೇಯಿಸುವ ಒಲೆ ತಂದಿಡಿ. ಗಂಟೆಗೆ ಮತ್ತೆ ಅರವತ್ತೇ. ಹಂಚು ಖಾಲಿ ಇರುವ ಹೊತ್ತು ಹೆಚ್ಚಾಯಿತು, ಅಷ್ಟೇ.

ಆಟದ ಪ್ರತಿಯೊಂದು ಫ್ರೇಮ್, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ, ಹೀಗೆ ಎರಡು ಕೈ ದಾಟಿ ಬರುತ್ತದೆ. ಯಾವ ಎದುರಾಳಿ ಎಲ್ಲಿದ್ದಾನೆ, ಗುಂಡು ಯಾರಿಗೆ ತಗುಲಿತು, ಸರ್ವರ್‌ನಿಂದ ಏನು ಸುದ್ದಿ ಬಂತು, ಪರದೆಯ ಮೇಲೆ ಏನೇನನ್ನು ಬಿಡಿಸಬೇಕು ಎಂಬ ಲೆಕ್ಕವೆಲ್ಲ ಪ್ರೊಸೆಸರ್‌ನದು. ಅದು ಆದೇಶಗಳ ಪಟ್ಟಿಯನ್ನು ಕೊಟ್ಟಮೇಲೆ ಬಿಡಿಸುವುದು, ಬಣ್ಣ ತುಂಬುವುದು, ನೆರಳು ಬೆಳಕು ಹಾಕುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. 144 ಬೇಕೆಂದರೆ 7 ಮಿಲಿಸೆಕೆಂಡೂ ಇಲ್ಲ. ಇಬ್ಬರೂ ಆ ಗಡುವಿನೊಳಗೆ ಮುಗಿಸಬೇಕು.

1967ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯ ಸಮ್ಮೇಳನವೊಂದರಲ್ಲಿ ಐಬಿಎಂನ ಜೀನ್ ಆಮ್ಡಾಲ್ ಒಂದು ಕಿರು ಪ್ರಬಂಧ ಮಂಡಿಸಿದರು. ಐಬಿಎಂನ ಸಿಸ್ಟಮ್/360 ಕಂಪ್ಯೂಟರ್‌ಗಳ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದ್ದವರು ಅವರು. ಕೆಲಸದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ, ವೇಗಗೊಳ್ಳದ ಉಳಿದ ಭಾಗವೇ ಒಟ್ಟು ಲಾಭಕ್ಕೆ ಮಿತಿ ಹಾಕುತ್ತದೆ ಎಂಬುದು ಅದರ ಸಾರ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಒಂದು ಗಂಟೆ, ದೇವನಹಳ್ಳಿಯಿಂದ ಮನೆ ಸೇರಲು ಎರಡು ಗಂಟೆ ಎಂದಾದರೆ ವಿಮಾನದ ವೇಗ ಎರಡು ಪಟ್ಟಾದರೂ ಮೂರು ಗಂಟೆಯಲ್ಲಿ ಉಳಿತಾಯವಾಗುವುದು ಅರ್ಧ ಗಂಟೆ. ಆಟದಲ್ಲಿ ಪರಿಸ್ಥಿತಿ ಇದಕ್ಕಿಂತ ಕಠಿಣ. ವಿಮಾನ ಮತ್ತು ಟ್ಯಾಕ್ಸಿಯ ಸಮಯಗಳನ್ನು ಕೂಡಿಸುತ್ತೇವೆ, ಹಾಗಾಗಿ ಯಾವುದನ್ನು ಕಡಿಮೆ ಮಾಡಿದರೂ ಸ್ವಲ್ಪವಾದರೂ ಲಾಭವಿದೆ. ಪ್ರೊಸೆಸರ್ ಮತ್ತು ಕಾರ್ಡ್ ರೊಟ್ಟಿಯ ಅಡುಗೆಮನೆಯಂತೆ ಏಕಕಾಲಕ್ಕೆ ದುಡಿಯುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ಇಬ್ಬರಲ್ಲಿ ನಿಧಾನವಾದವರ ಸಮಯ ಮಾತ್ರ. ಬೇಗ ಮುಗಿಸುವವರನ್ನು ಇನ್ನೂ ಬೇಗ ಮಾಡಿದರೆ ಫ್ರೇಮ್‌ಗಳ ಲೆಕ್ಕದಲ್ಲಿ ಸಿಗುವ ಲಾಭ ಹೆಚ್ಚುಕಡಿಮೆ ಸೊನ್ನೆ.

ಹಾಗಾದರೆ ಯಾರು ನಿಧಾನ ಎಂದು ತಿಳಿಯುವುದು ಹೇಗೆ? ಇಲ್ಲಿ ರೊಟ್ಟಿಯನ್ನು ಬಿಟ್ಟು ರಂಗೋಲಿಗೆ ಬರೋಣ. ಒಬ್ಬರು ಚುಕ್ಕಿ ಇಟ್ಟು ಗೆರೆ ಎಳೆಯುತ್ತಾರೆ, ಹತ್ತು ಜನ ಮಕ್ಕಳು ಒಟ್ಟಿಗೆ ಕೂತು ಬಣ್ಣ ತುಂಬುತ್ತಾರೆ. ಚುಕ್ಕಿ ಇಡುವವರು ಪ್ರೊಸೆಸರ್, ಬಣ್ಣ ತುಂಬುವ ಕೈಗಳು ಗ್ರಾಫಿಕ್ಸ್ ಕಾರ್ಡ್. ಜಿಟಿಎಕ್ಸ್ 1060ರಲ್ಲಿ ಅಂತಹ ಕೈಗಳು 1280 ಇವೆ, ಆರ್‌ಟಿಎಕ್ಸ್ 4060ರಲ್ಲಿ 3072. ಅದೇ ರಂಗೋಲಿಯನ್ನು ಎರಡು ಪಟ್ಟು ದೊಡ್ಡ ಅಂಗಳದಲ್ಲಿ ಹಾಕಿದರೆ ಚುಕ್ಕಿಗಳ ಸಂಖ್ಯೆ ಅಷ್ಟೇ ಇರುತ್ತದೆ, ತುಂಬಬೇಕಾದ ಬಣ್ಣ ಮಾತ್ರ ಹೆಚ್ಚುತ್ತದೆ. ರೆಸಲ್ಯೂಶನ್ ಎಂದರೆ ಈ ಅಂಗಳದ ಅಳತೆ. 1920×1080ರ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್‌ಗಳಿವೆ, 1280×720ರಲ್ಲಿ 9.2 ಲಕ್ಷ. ಅಂಗಳವನ್ನು ಅರ್ಧಕ್ಕಿಂತ ಚಿಕ್ಕದು ಮಾಡಿಯೂ ರಂಗೋಲಿ ಮುಗಿಯುವ ಹೊತ್ತು ಬದಲಾಗದಿದ್ದರೆ ತಡ ಆಗುತ್ತಿರುವುದು ಬಣ್ಣ ತುಂಬುವವರಿಂದ ಅಲ್ಲ.

ನಾವು ಮಾಡಿದ್ದೂ ಅದನ್ನೇ. ಫ್ರೇಮ್‌ಗಳನ್ನು ಮಾನಿಟರ್‌ನ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಮತ್ತು ಇತರ ಫ್ರೇಮ್ ಮಿತಿಗಳನ್ನು ತೆಗೆದುಹಾಕಿ ಒಂದೇ ಮ್ಯಾಪಿನ ಒಂದೇ ಜಾಗದಲ್ಲಿ ಮೊದಲು 1080, ಆಮೇಲೆ 720 ರೆಸಲ್ಯೂಶನ್‌ನಲ್ಲಿ ಆಡಿ ನೋಡಿದೆವು. ಹುಡುಗ ನೋಟ್‌ಬುಕ್‌ನಲ್ಲಿ ಎರಡು ಕಾಲಂ ಹಾಕಿಕೊಂಡು ಬರೆದ. ಕೌಂಟರ್ ಸ್ಟ್ರೈಕ್ 2ರಲ್ಲಿ ಎರಡೂ ಕಾಲಂಗಳು ಬಹುತೇಕ ಒಂದೇ. ಪ್ರೊಸೆಸರ್‌ನ ನಾಲ್ಕೂ ಕೋರ್‌ಗಳು (ಲೆಕ್ಕ ಮಾಡುವ ಘಟಕಗಳು) ತುಂಬಿ ತುಳುಕುತ್ತಿದ್ದವು, ಕಾರ್ಡ್ ಅರೆಬರೆ ಕೆಲಸ ಮಾಡುತ್ತ ಕೂತಿತ್ತು. ನಂತರ ರೆಡ್ ಡೆಡ್ ರಿಡೆಂಪ್ಶನ್ 2 ಹಾಕಿದೆವು. ಅಲ್ಲಿ ಎಲ್ಲ ತಿರುವುಮುರುವು. ಕಾರ್ಡ್ ಶೇಕಡಾ 98ರಲ್ಲಿ ನಿಂತಿತ್ತು, ರೆಸಲ್ಯೂಶನ್ ಇಳಿಸಿದ ಕೂಡಲೇ ಫ್ರೇಮ್‌ಗಳು ಜಿಗಿದವು. ಒಂದೇ ಯಂತ್ರ, ಒಂದೇ ಸಂಜೆ, ಎರಡು ಉತ್ತರ. “ಈ ಕಾರ್ಡ್ ಸಾಕೇ?” ಎಂಬ ಪ್ರಶ್ನೆಗೆ ಯಾವ ಆಟ, ಯಾವ ಪರದೆ ಎಂದು ಕೇಳದೆ ಉತ್ತರ ಕೊಡುವವರನ್ನು ನಂಬಬೇಡಿ.

ಇಲ್ಲೊಂದು ಎಚ್ಚರಿಕೆ. ಹೊಸ ಪ್ರೊಸೆಸರ್‌ಗಳಲ್ಲಿ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಬಳಕೆ ಶೇಕಡಾ 40 ಎಂದು ತೋರಿಸಿದರೆ ಪ್ರೊಸೆಸರ್ ಆರಾಮವಾಗಿದೆ ಎಂದು ತಿಳಿಯಬಾರದು. ಎಂಟು ಕೋರ್‌ಗಳಲ್ಲಿ ಒಂದೇ ಒಂದು ಪೂರ್ತಿ ದಣಿದಿದ್ದು ಉಳಿದವು ಸುಮ್ಮನಿದ್ದರೂ ಸರಾಸರಿ ಕಡಿಮೆಯೇ ಬರುತ್ತದೆ. ಅಡುಗೆಮನೆಯಲ್ಲಿ ಎಂಟು ಜನರಿದ್ದು ರೊಟ್ಟಿ ಬಡಿಯಲು ಬರುವುದು ಒಬ್ಬರಿಗೇ ಆದರೆ ಏನಾಗುತ್ತದೋ ಅದೇ. ಅದಕ್ಕೇ ಶೇಕಡಾವಾರು ಅಂಕಿಗಿಂತ ರೆಸಲ್ಯೂಶನ್ ಇಳಿಸುವ ಪರೀಕ್ಷೆಯೇ ನನಗೆ ಹೆಚ್ಚು ಪ್ರಿಯ.

ಸರಾಸರಿ ಎಂಬುದು ಇನ್ನೊಂದು ಬಗೆಯಲ್ಲೂ ದಾರಿ ತಪ್ಪಿಸುತ್ತದೆ. ಗಂಟೆಗೆ ಆರು ಬಸ್ ಎಂದು ಬೋರ್ಡಿನಲ್ಲಿದ್ದರೂ ಐದು ಬಸ್ ಒಟ್ಟಿಗೆ ಬಂದು ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾಯಬೇಕಾದರೆ ನಿಲ್ದಾಣದಲ್ಲಿ ನಿಂತವರಿಗೆ ಆ ಆರರಿಂದ ಏನು ಪ್ರಯೋಜನ? ಸೆಕೆಂಡಿಗೆ 60 ಫ್ರೇಮ್ ಎಂದು ತೋರಿಸುವ ಆಟದಲ್ಲೂ ನಡುವೆ ಒಂದು ಫ್ರೇಮ್ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಕಣ್ಣಿಗೆ ರಾಚುತ್ತದೆ. 2011ರಲ್ಲಿ ‘ಟೆಕ್ ರಿಪೋರ್ಟ್’ ಜಾಲತಾಣದ ಸ್ಕಾಟ್ ವಾಸನ್ ಒಂದು ಸೆಕೆಂಡಿನ ಒಳಗೆ ಇಣುಕಿ ಒಂದೊಂದು ಫ್ರೇಮಿನ ಸಮಯವನ್ನೂ ಬಿಡಿಬಿಡಿಯಾಗಿ ಅಳೆದು ತೋರಿಸಿದ ಮೇಲೆ ಕಾರ್ಡ್‌ಗಳ ವಿಮರ್ಶೆಯ ರೀತಿಯೇ ಬದಲಾಯಿತು. ನಾವೂ ಕಾರ್ಡಿನ ಅಂಕಿಗಳನ್ನು ತೋರಿಸುವ ತಂತ್ರಾಂಶ ಎಂಎಸ್ಐ ಆಫ್ಟರ್‌ಬರ್ನರ್ ಹಾಕಿ ಫ್ರೇಮ್ ಸಮಯದ ಗ್ರಾಫ್ ತೆರೆದೆವು. ನೆಲಮಟ್ಟದಲ್ಲಿ ಹರಿಯುತ್ತಿದ್ದ ಗೆರೆ, ಎದುರಾಳಿಗಳು ನುಗ್ಗಿದ ಕ್ಷಣದಲ್ಲಿ ಗೋಪುರದಂತೆ ಎದ್ದು ನಿಂತಿತು. ಹುಡುಗ ತಡವರಿಕೆ ಎಂದದ್ದು ಆ ಗೋಪುರಗಳನ್ನೇ.

ಜಿಬಿಯ ಮೂಢನಂಬಿಕೆಯನ್ನೂ ಹೇಳಲೇಬೇಕು. “4 ಜಿಬಿ ಕಾರ್ಡ್ ಕೊಡಿ” ಎಂದು ಅಂಗಡಿಯಲ್ಲಿ ಕೇಳುವವರಿಗೆ ಜಿಟಿ 730 ಎಂಬ ಕಾರ್ಡಿನ 4 ಜಿಬಿ ಮಾದರಿ ಸುಲಭವಾಗಿ ಸಿಗುತ್ತದೆ. ಅದರಲ್ಲಿರುವುದು ಹೆಚ್ಚೆಂದರೆ 384 ಕೋರ್, ಅಂದರೆ ಬಣ್ಣ ತುಂಬುವ ಕೈ. ಅದೇ 4 ಜಿಬಿಯ ಜಿಟಿಎಕ್ಸ್ 1650ರಲ್ಲಿ 896 ಇವೆ, ಮೆಮೊರಿಯ ವೇಗವೂ ಹಲವು ಪಟ್ಟು. ಇನ್ನೂ ಸ್ಪಷ್ಟವಾದ ಉದಾಹರಣೆ ಬೇಕೆಂದರೆ, 8 ಜಿಬಿಯ ಆರ್‌ಟಿಎಕ್ಸ್ 3060 ಟಿಐ ಸಾಮಾನ್ಯವಾಗಿ 12 ಜಿಬಿಯ ಆರ್‌ಟಿಎಕ್ಸ್ 3060ಕ್ಕಿಂತ ವೇಗದ ಕಾರ್ಡ್. ಜಿಬಿ ಎಂದರೆ ಕಣಜದ ಅಳತೆ, ಬೀಸುವ ಕಲ್ಲಿನ ವೇಗವಲ್ಲ. ಹಾಗೆಂದು ಕಣಜ ಕಿರಿದಾದರೂ ಕಷ್ಟ. ಆಟದ ಚಿತ್ರಗಳು ಕಾರ್ಡಿನ ಮೆಮೊರಿಯಲ್ಲಿ ಹಿಡಿಸದಿದ್ದರೆ ಕಂಪ್ಯೂಟರ್‌ನ ರ‍್ಯಾಮ್‌ಗೆ ಹೋಗಿ ತರಬೇಕು. ಜಿಟಿಎಕ್ಸ್ 1060 ತನ್ನ ಮೆಮೊರಿಯಿಂದ ಸೆಕೆಂಡಿಗೆ 192 ಜಿಬಿ ಓದಬಲ್ಲದು, ರ‍್ಯಾಮ್‌ಗೆ ಹೋಗುವ ದಾರಿಯಲ್ಲಿ ಸಿಗುವುದು ಸುಮಾರು 16 ಜಿಬಿ. ಅಂಗಳದ ಬಾವಿ ಬಿಟ್ಟು ಊರಾಚೆಯ ಕೆರೆಯಿಂದ ನೀರು ಹೊತ್ತ ಹಾಗೆ.

ಈ ಕೆಲಸದ ಹಂಚಿಕೆ ಮೊದಲಿನಿಂದ ಇದ್ದದ್ದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಪಿಸಿ ಆಟಗಳಲ್ಲಿ ಚುಕ್ಕಿ, ಗೆರೆ, ಬಣ್ಣ ಎಲ್ಲವನ್ನೂ ಪ್ರೊಸೆಸರ್ ಒಂದೇ ಮಾಡುತ್ತಿತ್ತು. 1996ರಲ್ಲಿ ಬಂದ 3ಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡ್ ಬಣ್ಣ ತುಂಬುವ ಕೆಲಸ ವಹಿಸಿಕೊಂಡಿತು. ಮೊದಲಿದ್ದ ಕಾರ್ಡ್ ಹಾಗೆಯೇ ಉಳಿದು, ಅದರಿಂದ ಒಂದು ಕೇಬಲ್ ವೂಡೂಗೆ ಬಂದು, ಅಲ್ಲಿಂದ ಮಾನಿಟರ್‌ಗೆ ಹೋಗುತ್ತಿತ್ತು. 1999ರಲ್ಲಿ ಎನ್ವಿಡಿಯಾದ ಜಿಫೋರ್ಸ್ 256 ಆಕೃತಿಗಳನ್ನು ತಿರುಗಿಸುವ, ಬೆಳಕು ಹಾಕುವ ಗಣಿತವನ್ನೂ ತನ್ನ ಮೇಲೆ ಹೊತ್ತುಕೊಂಡಿತು. ಅಂದಿನಿಂದ ಇಂದಿನವರೆಗೆ ಪ್ರೊಸೆಸರ್‌ನ ಹೊರೆ ಒಂದೊಂದಾಗಿ ಇಳಿಯುತ್ತ ಬಂದಿದೆ. ಆಟದ ನಿಯಮಗಳು ಮಾತ್ರ ಇನ್ನೂ ಬಹುಪಾಲು ಅದರ ಬಳಿಯೇ ಇವೆ.

ಕಾರ್ಡ್ ಬದಲಿಸಲೇಬೇಕಾದ ಸಂದರ್ಭಗಳೂ ಇವೆ. 1440 ಅಥವಾ 4ಕೆ ರೆಸಲ್ಯೂಶನ್‌ನ ಮಾನಿಟರ್ ತಂದವರು, ಬೆಳಕಿನ ಕಿರಣಗಳ ಜಾಡು ಹಿಡಿದು ನೆರಳು, ಪ್ರತಿಬಿಂಬ ಮೂಡಿಸುವ ರೇ ಟ್ರೇಸಿಂಗ್ ಬಯಸುವವರು, ಕಥೆಯ ದೊಡ್ಡ ಆಟಗಳನ್ನೇ ಆಡುವವರು ಮೇಲಿನ ಪರೀಕ್ಷೆಯಲ್ಲಿ ಕಾರ್ಡೇ ಸೋಲುವುದನ್ನು ಕಣ್ಣಾರೆ ಕಾಣುತ್ತಾರೆ. ಅವರಿಗೆ ಹೊಸ ಕಾರ್ಡ್ ಸಾರ್ಥಕ. ಅದಕ್ಕೂ ಮೊದಲು ಫ್ಯಾನಿನ ಧೂಳು ಒರೆಸಿ, ಎಎಂಡಿಯ ಎಫ್ಎಸ್ಆರ್ ಒಮ್ಮೆ ಹಾಕಿ ನೋಡಿ. ಕಡಿಮೆ ರೆಸಲ್ಯೂಶನ್‌ನಲ್ಲಿ ಬಿಡಿಸಿ ಹಿಗ್ಗಿಸುವ ಆ ತಂತ್ರದ ಹಿಂದಿನ ಆವೃತ್ತಿ ಹಳೆಯ ಕಾರ್ಡ್‌ಗಳಲ್ಲೂ ನಡೆಯುತ್ತದೆ.

ನಮ್ಮ ಹುಡುಗ ಮರುದಿನ 8 ಜಿಬಿಯ ಇನ್ನೊಂದು ರ‍್ಯಾಮ್ ಸ್ಟಿಕ್ ತಂದ. ಒಂದೇ ಸ್ಟಿಕ್ ಇದ್ದಾಗ ಅವನ ಪ್ರೊಸೆಸರ್‌ಗೆ ಮೆಮೊರಿಯಿಂದ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಹರಿದು ಬರುತ್ತಿತ್ತು, ಎರಡು ಜೋಡಿಯಾದರೆ 38.4. ಸರಿಯಾದ ಸ್ಲಾಟ್ ಹುಡುಕಿ ಕೂರಿಸಿ, ಅದೇ ಮ್ಯಾಪಿನ ಅದೇ ಜಾಗಕ್ಕೆ ಹೋದೆವು. ಗೋಪುರಗಳು ಮಾಯವಾಗಲಿಲ್ಲ, ಆದರೆ ಎತ್ತರ ಇಳಿದಿತ್ತು, ನಡುವಿನ ಅಂತರ ಹೆಚ್ಚಿತ್ತು. ಕಾರ್ಡಿಗೆಂದು ಇಟ್ಟಿದ್ದ ಹಣದ ದೊಡ್ಡ ಪಾಲು ಅವನ ಬಳಿಯೇ ಇದೆ. ಈಗ ಆರು ಕೋರ್‌ಗಳ ರೈಜನ್ 5 5600 ಮತ್ತು ಅದಕ್ಕೊಪ್ಪುವ ಮದರ್‌ಬೋರ್ಡಿನ ಬೆಲೆ ವಿಚಾರಿಸುತ್ತಿದ್ದಾನೆ. ಅದು ಡಿಡಿಆರ್4 ರ‍್ಯಾಮ್‌ನದೇ ಬೋರ್ಡ್, ಹಾಗಾಗಿ ಮೊನ್ನೆ ತಂದ ಸ್ಟಿಕ್ ಸಮೇತ ಎರಡನ್ನೂ ಅಲ್ಲಿಗೆ ವರ್ಗಾಯಿಸಬಹುದು. ನೋಟ್‌ಬುಕ್‌ನಲ್ಲಿ ಮೂರನೆಯ ಕಾಲಂ ಎಳೆದು ಖಾಲಿ ಬಿಟ್ಟಿದ್ದಾನೆ.