‘ಅನುದಿನದ ಆಹಾರ’ ಯಾವ ದಿನದ್ದು?

‘ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು.’ ಯೇಸು ಕಲಿಸಿದ ಪ್ರಾರ್ಥನೆಯ ಈ ಸಾಲು ಕ್ರೈಸ್ತ ಮನೆಗಳಲ್ಲಿ ಮಕ್ಕಳಿಗೂ ಬಾಯಿಪಾಠ. ಇಲ್ಲಿ ‘ಅನುದಿನದ’ ಎಂಬ ಮಾತು ಕೂತಿರುವುದು ‘ಎಪಿಊಸಿಯೊಸ್’ ಎಂಬ ಗ್ರೀಕ್ ಪದದ ಜಾಗದಲ್ಲಿ. ಆ ಪದದ ಅರ್ಥ ಇಂದಿಗೂ ಇತ್ಯರ್ಥವಾಗಿಲ್ಲ.

ಮತ್ತಾಯ, ಲೂಕರ ಸುವಾರ್ತೆಗಳಲ್ಲಿ ಬರುವ ಈ ಪ್ರಾರ್ಥನೆ ಮತ್ತು ಅದನ್ನು ಅವಲಂಬಿಸಿದ ಬರಹಗಳ ಹೊರಗೆ ಪದದ ಸುಳಿವೇ ಇಲ್ಲ. ಗ್ರೀಕ್‌ನಲ್ಲೇ ಬರೆಯುತ್ತಿದ್ದ ಕ್ರೈಸ್ತ ಪಂಡಿತ ಓರಿಜೆನ್ 3ನೇ ಶತಮಾನದಲ್ಲೇ ಕೈಚೆಲ್ಲಿದ್ದ: ಪಂಡಿತರೂ ಬಳಸುವುದಿಲ್ಲ, ಜನರೂ ಆಡುವುದಿಲ್ಲ, ಸುವಾರ್ತೆ ಬರೆದವರೇ ಟಂಕಿಸಿದಂತಿದೆ ಎಂದ.

ಪದವನ್ನು ಬಿಡಿಸಲು ಮುಖ್ಯವಾಗಿ ಎರಡು ದಾರಿ. ‘ಊಸಿಯ’ ಎಂದರೆ ಇರವು, ಸತ್ವ. ಆಗ ಅದು ಬದುಕಿಗೆ ಬೇಕಾದಷ್ಟು ಆಹಾರ. ‘ಎಪಿಊಸ’ ಎಂದರೆ ಬರುವ ದಿನ. ಆಗ ನಾಳೆಯ ರೊಟ್ಟಿ. ನಾಳೆಗಾಗಿ ಚಿಂತಿಸಬೇಡಿರಿ ಎಂಬ ಮಾತು ಮತ್ತಾಯನ ಅದೇ ಅಧ್ಯಾಯದಲ್ಲಿದೆಯಲ್ಲ ಎಂದು ಆಕ್ಷೇಪಿಸುವವರುಂಟು. ಆದರೆ ನಾಳೆಯದು ಇವತ್ತೇ ಕೈಸೇರಿದರೆ ತಾನೇ ಕೂಲಿಯವನ ಚಿಂತೆ ಕಳೆಯುವುದು? ಲೂಕನ ಸಾಲಿನಲ್ಲಂತೂ ‘ದಿನದಿನವೂ’ ಎಂಬ ಮಾತು ಪ್ರತ್ಯೇಕವಾಗಿಯೇ ಇದೆ. ಅಲ್ಲಿ ‘ಅನುದಿನದ’ ಎಂದರೆ ಹೇಳಿದ್ದನ್ನೇ ಮತ್ತೆ ಹೇಳಿದಂತೆ.

4ನೇ ಶತಮಾನದ ಕೊನೆಗೆ ಸುವಾರ್ತೆಗಳ ಲ್ಯಾಟಿನ್ ಪಾಠ ತಿದ್ದಿದ ಜೆರೋಮ್, ಮತ್ತಾಯನಲ್ಲಿ ‘ಸತ್ವಾತೀತ’ ಎಂಬರ್ಥದ ಪದ ಹಾಕಿ, ಲೂಕನಲ್ಲಿ ಹಳೆಯ ‘ದಿನನಿತ್ಯದ’ ಎಂಬುದನ್ನೇ ಉಳಿಸಿದ. ಇಬ್ರಿಯರ ಸುವಾರ್ತೆಯೊಂದರಲ್ಲಿ ಈ ಜಾಗದಲ್ಲಿ ‘ಮಹರ್’, ಅಂದರೆ ನಾಳೆ, ಎಂದಿತ್ತು ಎಂದು ಬರೆದಿಟ್ಟವನೂ ಅವನೇ. ಜನರ ನಾಲಿಗೆಯಲ್ಲಿ ಉಳಿದದ್ದು ಮಾತ್ರ ‘ದಿನನಿತ್ಯದ’. ಲೂಥರ್‌ನ ಜರ್ಮನ್, ಟಿಂಡೇಲ್‌ನ ಇಂಗ್ಲಿಷ್ ಅನುವಾದಗಳು ಅದನ್ನೇ ಹಿಡಿದವು.

ನಡುವೆ ಈಜಿಪ್ಟಿನಿಂದ ಒಂದು ಆಸೆ ಚಿಗುರಿತು. ಅಲ್ಲಿನ ಹವಾರದಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯ ಉತ್ಖನನದಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಒಂದರ ಪಾಠ 1889ರಲ್ಲಿ ಅಚ್ಚಾಯಿತು. ಅದು ಖರ್ಚಿನ ಪಟ್ಟಿ, ನಮ್ಮ ದಿನಸಿ ಚೀಟಿಯಂಥದ್ದು. ಅದರಲ್ಲೊಂದು ಅರೆಬರೆ ಪದ: ‘ಎಪಿಊಸಿ...’. ಪ್ರಾರ್ಥನೆಯ ಪದ ಕಡೆಗೂ ಸಂತೆಯ ಲೆಕ್ಕದಲ್ಲಿ ಸಿಕ್ಕಿತೆಂದು ವಿದ್ವಾಂಸರು ಹಿಗ್ಗಿದರು. ದಿನದ ಪಡಿ ಎಂಬ ಅರ್ಥ ನಿಘಂಟುಗಳಿಗೂ ಹತ್ತಿತು. ಮೂಲವನ್ನು ಮತ್ತೆ ನೋಡೋಣವೆಂದರೆ ಪಪೈರಸ್ಸೇ ನಾಪತ್ತೆ. ಒಂದೇ ನಕಲಿನ ಮೇಲೆ ಅಷ್ಟು ಭಾರ ಹೊರಿಸಿದ್ದು ಹೆಚ್ಚೇ ಆಯಿತು.

1998ರಲ್ಲಿ ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕೆ ಗ್ರಂಥಾಲಯದಲ್ಲಿ ಪತ್ತೆಯಾಯಿತು. ಆ ಸಾಲನ್ನು ಹೊಸದಾಗಿ ಓದಿದವರಿಗೆ ಅಲ್ಲಿ ಕಂಡದ್ದು ‘ಎಲಾಯೂ’. ಎಣ್ಣೆಯ ಬಾಬ್ತು.